ಫಿಲಿಪೀನ್ಸಿನ ಹಾಡುಗಳನ್ನು ಭಾಷೆ ಗುರುತಿಸಿ ಕೇಳುವುದು ಹೇಗೆ

ಹಡಗಿನ ಇಂಜಿನ್ ರೂಮಿನಲ್ಲಿ ಇಪ್ಪತ್ತೆರಡು ವರ್ಷ ದುಡಿದು ಈಗ ಡೊಂಬಿವಲಿಯಲ್ಲಿ ನೆಲೆಸಿರುವ ನನಗೆ ಫಿಲಿಪೀನ್ಸಿನ ಹಾಡುಗಳ ಪರಿಚಯವಾದದ್ದು ಹಡಗಿನ ಮೆಸ್ಸಿನಲ್ಲಿದ್ದ ಕರೋಕೆ ಯಂತ್ರದಿಂದ. ಜೊತೆಗಿದ್ದ ಸಿಬ್ಬಂದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಫಿಲಿಪೀನ್ಸಿನವರೇ ಇರುತ್ತಿದ್ದರು, ಮತ್ತು ಡ್ಯೂಟಿ ಮುಗಿದ ಮೇಲೆ ಅವರಲ್ಲಿ ಹಾಡದವರೇ ಇರಲಿಲ್ಲ. ಬಹಳ ಕಾಲ ನಾನು ಅವೆಲ್ಲವನ್ನೂ ‘ತಗಾಲೋಗ್ ಹಾಡು’ ಎಂದೇ ಕರೆಯುತ್ತಿದ್ದೆ. ಒಂದು ರಾತ್ರಿ ಸೆಬು ದ್ವೀಪದ ಫಿಟ್ಟರ್ ಒಬ್ಬರು ಹಾಡು ಮುಗಿಸಿ ಬಂದು ಕುಳಿತಾಗ “ನಿಮ್ಮ ತಗಾಲೋಗ್ ಹಾಡು ಚೆನ್ನಾಗಿತ್ತು” ಎಂದೆ. ಅವರು ಮೆಲ್ಲಗೆ, “ಸರ್, ಅದು ತಗಾಲೋಗ್ ಅಲ್ಲ, ಬಿಸಾಯಾ. ನಮ್ಮ ಅಮ್ಮನಿಗೆ ತಗಾಲೋಗ್ ಸರಿಯಾಗಿ ಬರುವುದೇ ಇಲ್ಲ” ಎಂದರು. ಮುಂಬಯಿಯ ಲೋಕಲ್ ಗಾಡಿಯಲ್ಲಿ ‘ನೀವು ಮದ್ರಾಸಿಯಾ?’ ಎಂಬ ಪ್ರಶ್ನೆಯನ್ನು ಎಷ್ಟೋ ಸಲ ಎದುರಿಸಿದ್ದ ನನಗೆ ಆ ಮಾತು ನಾಟಿತು. ಮನೆಯಲ್ಲಿ ತುಳು, ಸಂಘದಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ಗಾಡಿಯಲ್ಲಿ ಹಿಂದಿ ಎಂದು ದಿನ ಕಳೆಯುವವನು ಇನ್ನೊಬ್ಬರ ಊರಿನ ಭಾಷೆಯನ್ನು ಒಂದೇ ಹೆಸರಿನಡಿ ಮುಚ್ಚಿಹಾಕಿದ್ದೆ.

ಈಗ ನಮ್ಮ ಕಟ್ಟಡದ ಏಳೆಂಟು ಮಂದಿ ಕನ್ನಡಿಗರು ತಿಂಗಳಿಗೊಂದು ಭಾನುವಾರದ ಸಂಜೆ ಸೇರಿ ಹಾಡು ಕೇಳುತ್ತೇವೆ. ಕಳೆದೊಂದು ವರ್ಷ ಫಿಲಿಪೀನ್ಸಿನ ಹಾಡುಗಳನ್ನೇ ಭಾಷೆವಾರು ವಿಂಗಡಿಸಿ ಕೇಳಿದೆವು. ಆ ಭಾಷೆಗಳು ಬಾರದವರೂ ಈ ಕೆಲಸವನ್ನು ಹೇಗೆ ಮಾಡಬಹುದೆಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಫೋನನ್ನು ಬದಿಗಿಟ್ಟು ಒಂದು ಭೂಪಟವನ್ನು ಎದುರಿಗೆ ಹಾಸಿಕೊಳ್ಳಿ. ಫಿಲಿಪೀನ್ಸಿನಲ್ಲಿ 7,641 ದ್ವೀಪಗಳಿವೆ. ಉತ್ತರದಲ್ಲಿ ಲುಸೋನ್, ನಡುವೆ ವಿಸಾಯಾಸ್, ದಕ್ಷಿಣದಲ್ಲಿ ಮಿಂದನಾವೊ ಎಂಬ ಮೂರು ಭಾಗಗಳನ್ನು ಗುರುತು ಹಾಕಿಕೊಂಡರೆ ಅರ್ಧ ಕೆಲಸವಾದಂತೆ. ದೇಶದಲ್ಲಿ ನೂರೆಪ್ಪತ್ತಕ್ಕೂ ಹೆಚ್ಚು ಭಾಷೆಗಳಿವೆ. 1987ರ ಸಂವಿಧಾನದ ಪ್ರಕಾರ ರಾಷ್ಟ್ರಭಾಷೆ ಫಿಲಿಪಿನೋ, ಅದರ ಬುನಾದಿ ಮನಿಲಾ ಸುತ್ತಮುತ್ತಲಿನ ತಗಾಲೋಗ್. ಆದರೆ 2020ರ ಜನಗಣತಿಯಲ್ಲಿ ಮನೆಮಾತು ತಗಾಲೋಗ್ ಎಂದವರು ಹತ್ತು ಮನೆಗಳಲ್ಲಿ ಸುಮಾರು ನಾಲ್ಕು ಮಾತ್ರ. ಉಳಿದ ಮನೆಗಳಲ್ಲಿ ಸೆಬುವಾನೋ ಅಥವಾ ಬಿಸಾಯಾ, ಇಲೊಕಾನೋ, ಹಿಲಿಗಾಯ್ನೋನ್, ಬಿಕೋಲ್, ವಾರಾಯ್, ಕಪಂಪಾಂಗನ್ ಮೊದಲಾದ ಮಾತುಗಳಿವೆ, ಮತ್ತು ಈ ಪ್ರತಿಯೊಂದರಲ್ಲೂ ಹಾಡುಗಳಿವೆ. ಇವು ಒಂದೇ ಭಾಷೆಯ ಆಡುರೂಪಗಳಲ್ಲ. ಮನಿಲಾದವರಿಗೆ ಇಲೊಕಾನೋ ಹಾಡು ಕಲಿಯದೆ ಅರ್ಥವಾಗುವುದಿಲ್ಲ, ನಮಗೆ ಕೊಡವ ತಕ್ಕ್ ಕಲಿಯದೆ ಪೂರ್ತಿ ಹತ್ತದ ಹಾಗೆ.

ಕೇಳುವ ಕೆಲಸವನ್ನು ಎರಡು ಭಾಷೆಗಳಲ್ಲಿರುವ ಒಂದೇ ರಾಗದಿಂದ ಆರಂಭಿಸುವುದು ಒಳ್ಳೆಯದು, ಏಕೆಂದರೆ ರಾಗ ಬದಲಾಗದಿದ್ದಾಗ ಕಿವಿ ತಾನಾಗಿಯೇ ಮಾತಿನ ಕಡೆಗೆ ಹೊರಳುತ್ತದೆ. ಇದಕ್ಕೆ ತಕ್ಕ ಜೋಡಿಯೊಂದಿದೆ. ‘ಆಙ್ ಪಾಸ್ಕೊ ಆಯ್ ಸುಮಾಪಿತ್’, ಅಂದರೆ ‘ಕ್ರಿಸ್‌ಮಸ್ ಬಂತು’ ಎಂಬ ತಗಾಲೋಗ್ ಹಾಡು ಆ ದೇಶದಲ್ಲಿ ಡಿಸೆಂಬರ್ ಬಂದರೆ ಬೀದಿ ಬೀದಿಯಲ್ಲಿ ಕೇಳಿಸುತ್ತದೆ. ಆದರೆ ಅದರ ಮೂಲ ತಗಾಲೋಗ್ ಅಲ್ಲ. 1933ರಲ್ಲಿ ಸೆಬುವಿನ ವಿಸೆಂತೆ ರೂಬಿ ರಾಗ ಕಟ್ಟಿ, ಮರಿಯಾನೊ ವೆಸ್ತಿಲ್ ಸೆಬುವಾನೋ ಮಾತು ಬರೆದ ‘ಕಸಾದ್ಯಾ ನಿಙ್ ತಕ್ನಾಆ’ ಎಂಬ ಹಾಡು ಅದು. ‘ಈ ಗಳಿಗೆ ಎಷ್ಟು ಸಂತಸದ್ದು’ ಎಂದು ಅದರ ಅರ್ಥ. ಮುಂದೆ ಲೆವಿ ಸೆಲೆರಿಯೊ ಅದೇ ರಾಗಕ್ಕೆ ತಗಾಲೋಗ್ ಸಾಹಿತ್ಯ ಬರೆದರು, ಅದು ದೇಶವೆಲ್ಲ ಹಬ್ಬಿತು, ಸೆಬುವಿನ ಇಬ್ಬರ ಹೆಸರು ಹೊರಗಿನವರಿಗೆ ಬಹುಮಟ್ಟಿಗೆ ಮರೆಯಾಯಿತು. ಎರಡನ್ನೂ ಒಂದರ ಹಿಂದೆ ಒಂದು ಮೂರು ಸಲ ಹಾಕಿ ಕೇಳಿ. ಮೂರನೆಯ ಸುತ್ತಿಗೆ, ಅರ್ಥ ಗೊತ್ತಿಲ್ಲದಿದ್ದರೂ, ಎರಡೂ ಬೇರೆ ನೆಲದ ಮಾತೆಂಬುದು ಕಿವಿಗೆ ಖಚಿತವಾಗುತ್ತದೆ.

ಇನ್ನು ಭಾಷೆಯನ್ನು ಗುರುತಿಸುವ ಬಗೆ. ಹಾಡಿನಲ್ಲಿ ಪದೇಪದೇ ಬರುವ, ಚಿಕ್ಕದಾದ, ಭಾಷೆಯಿಂದ ಭಾಷೆಗೆ ಬದಲಾಗುವ ಪದಗಳನ್ನು ಹಿಡಿಯಬೇಕು. ನನ್ನ ಅನುಭವದಲ್ಲಿ ‘ಅಲ್ಲ’ ಎಂಬರ್ಥದ ಪದ ಎಲ್ಲಕ್ಕಿಂತ ಹೆಚ್ಚು ಉಪಯುಕ್ತ. ತಗಾಲೋಗಿನಲ್ಲಿ ಅದು ‘ಹಿಂದಿ’. ಮುಂಬಯಿಯಲ್ಲಿ ಬೆಳೆದ ಕಿವಿ ಈ ಪದವನ್ನು ತಪ್ಪದೆ ಹಿಡಿಯುತ್ತದೆ, ಆದ್ದರಿಂದ ತಗಾಲೋಗನ್ನು ಗುರುತಿಸುವುದು ನಮಗೆ ಸಲೀಸು. ಸೆಬುವಾನೋದಲ್ಲಿ ‘ದಿಲಿ’, ಹಿಲಿಗಾಯ್ನೋನಿನಲ್ಲಿ ‘ಇಂದಿ’, ವಾರಾಯ್‌ನಲ್ಲಿ ‘ದಿರಿ’, ಬಿಕೋಲಿನಲ್ಲಿ ‘ದಾಯಿ’, ಇಲೊಕಾನೋದಲ್ಲಿ ‘ಸಾಆನ್’ ಅಥವಾ ‘ಹಾಆನ್’, ಕಪಂಪಾಂಗನ್‌ನಲ್ಲಿ ‘ಅಲಿ’. ಪ್ರೇಮಗೀತೆಗಳೇ ಹೆಚ್ಚಾಗಿರುವುದರಿಂದ ‘ನಿನ್ನನ್ನು ಪ್ರೀತಿಸುತ್ತೇನೆ’ ಎಂಬ ಮಾತು ಎರಡನೆಯ ಗುರುತು: ತಗಾಲೋಗಿನವರು ‘ಮಹಾಲ್ ಕಿತಾ’ ಎನ್ನುತ್ತಾರೆ, ಸೆಬುವಿನವರು ‘ಗಿಹಿಗುಗ್ಮಾ ಕೊ ಇಕಾವ್’, ಹಿಲಿಗಾಯ್ನೋನ್ ಆಡುವವರು ‘ಪಲಂಗಾ ಕೊ ಇಕಾವ್’, ಬಿಕೋಲಿನವರು ‘ಪದಬಾ ತಕಾ’, ಕಪಂಪಾಂಗನ್ ಆಡುವವರು ‘ಕಲುಗುರಾನ್ ದಕಾ’, ಇಲೊಕಾನೋ ಆಡುವವರು ‘ಅಯ್-ಅಯಾತೆನ್ ಕಾ’. ಮೂರನೆಯದು ‘ಹೃದಯ’. ತಗಾಲೋಗಿನಲ್ಲಿ ಅದು ‘ಪುಸೊ’, ಸೆಬುವಾನೋದಲ್ಲಿ ‘ಕಸಿಂಕಸಿಙ್’. ಎರಡನೆಯದು ಎದೆಬಡಿತದ ಹಾಗೆಯೇ ಎರಡು ಸಲ ಕೇಳುತ್ತದೆ, ಒಮ್ಮೆ ಗಮನಿಸಿದವರು ಮರೆಯಲಾರರು.

ಒಂದೇ ಪದದಿಂದ ತೀರ್ಮಾನಕ್ಕೆ ಬರಬಾರದು. ‘ಲಂಗಮ್’ ಎಂದರೆ ತಗಾಲೋಗಿನಲ್ಲಿ ಇರುವೆ, ಸೆಬುವಾನೋದಲ್ಲಿ ಹಕ್ಕಿ. ನನ್ನ ಕಣ್ಣೆದುರಿಗೇ ಬತಾಂಗಾಸ್ ಕಡೆಯ ಅಡುಗೆಯವರು ಮತ್ತು ಸೆಬುವಿನ ಫಿಟ್ಟರು ಡೆಕ್ಕಿನ ಮೇಲೆ ‘ಲಂಗಮ್’ ಕಂಡಿತೆಂದು ಮಾತಾಡುತ್ತ, ಒಬ್ಬರು ಆಕಾಶವನ್ನೂ ಇನ್ನೊಬ್ಬರು ನೆಲವನ್ನೂ ನೋಡಿದ್ದುಂಟು. ಹಾಗೆಯೇ ‘ಆಸಾ’ ಎಂದರೆ ತಗಾಲೋಗಿನಲ್ಲಿ ಭರವಸೆ. ಅದು ಸಂಸ್ಕೃತದಿಂದ ಹೋದ ನಮ್ಮ ‘ಆಸೆ’ಯೇ. ಸೆಬುವಾನೋದಲ್ಲಿ ‘ಆಸಾ’ ಎಂದರೆ ‘ಎಲ್ಲಿ’. ತಗಾಲೋಗಿನಲ್ಲಿ ‘ಮುಖಾ’ಕ್ಕೆ ಹತ್ತಿರದ ‘ಮುಕ್ಹಾ’, ಗುರುವಿಗೆ ‘ಗುರೊ’, ದೇವತೆಗೆ ‘ದಿವಾತಾ’ ಎಂಬ ಪದಗಳೂ ಇವೆ. ಹಾಡಿನ ನಡುವೆ ಇಂಥ ಪದ ಕೇಳಿಸಿದಾಗ ನೆಂಟರು ಸಿಕ್ಕಷ್ಟು ಹಿಗ್ಗಾಗುತ್ತದೆ, ಆದರೆ ಭಾಷೆಯ ಗುರುತಿಗೆ ಅವು ಸಾಲವು.

ಕೇಳಿದ್ದನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಇದರಲ್ಲಿ ನಮಗೊಂದು ಅನುಕೂಲವಿದೆ. ಫಿಲಿಪೀನ್ಸಿನ ಭಾಷೆಗಳಲ್ಲಿ ಪದದ ಮೊದಲಲ್ಲೇ ಬರುವ ಒಂದು ಅನುನಾಸಿಕ ಧ್ವನಿಯಿದೆ, ಅದನ್ನು ರೋಮನ್ ಲಿಪಿಯಲ್ಲಿ ಎರಡು ಅಕ್ಷರ ಸೇರಿಸಿ ಬರೆಯುತ್ತಾರೆ, ಓದುವ ಹೊರಗಿನವರು ತಪ್ಪಾಗಿ ಉಚ್ಚರಿಸುತ್ತಾರೆ. ನಮ್ಮ ವರ್ಣಮಾಲೆಯಲ್ಲಿ ಅದಕ್ಕೆಂದೇ ‘ಙ’ ಇದೆ. ಕಖಗಘಙ ಎಂದು ಮಗ್ಗಿಯಂತೆ ಒಪ್ಪಿಸಿ, ಆಮೇಲೆ ಜೀವಮಾನವಿಡೀ ಒಂಟಿಯಾಗಿ ಬರೆಯದ ಆ ಅಕ್ಷರ ಇಲ್ಲಿ ಪ್ರತಿ ಸಾಲಿನಲ್ಲೂ ಬೇಕಾಗುತ್ತದೆ: ‘ಈಗ’ ಎಂಬುದಕ್ಕೆ ‘ಙಾಯೋನ್’, ‘ಮುಗುಳ್ನಗೆ’ಗೆ ‘ಙಿತಿ’. ಕಕಾರ ಗಕಾರಗಳ ಹಿಂದೆ ಸೊನ್ನೆ ಸಾಕು. ಅಂತರ್ಜಾಲದಲ್ಲಿ ಸಿಗುವ ರೋಮನ್ ಸಾಹಿತ್ಯವನ್ನು ಇಟ್ಟುಕೊಂಡು ಬರೆಯುವಾಗ ಎರಡು ಚಿಕ್ಕ ಪದಗಳ ವಿಷಯದಲ್ಲಿ ಎಚ್ಚರವಿರಲಿ. ಬಹುವಚನಕ್ಕಾಗಿ ಬರುವ ಎಮ್-ಜಿ-ಎ ಎಂಬ ಮೂರಕ್ಷರವನ್ನು ‘ಮಙಾ’ ಎಂದೂ, ಷಷ್ಠಿಯ ಹಾಗೆ ಬಳಕೆಯಾಗುವ ಎನ್-ಜಿ ಎಂಬ ಎರಡಕ್ಷರವನ್ನು ‘ನಙ್’ ಎಂದೂ ಓದಬೇಕು. ವಿಸಾಯಾಸ್ ಕಡೆಯವರು ಹಾಡುವಾಗ ಎಕಾರ ಇಕಾರಗಳೂ ಒಕಾರ ಉಕಾರಗಳೂ ಒಂದರೊಳಗೊಂದು ಬೆರೆಯುತ್ತವೆ. ಅದನ್ನು ತಿದ್ದದೆ ಕೇಳಿದ ಹಾಗೆಯೇ ಬರೆಯಿರಿ, ಅದೇ ಊರಿನ ಗುರುತು.

ಮನಿಲಾದ ಹಾಡುಗಳ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ, ಅವು ಹುಡುಕದಿದ್ದರೂ ಎದುರಾಗುತ್ತವೆ. 1970ರ ದಶಕದಲ್ಲಿ ಹಾಟ್‌ಡಾಗ್, ವಿಎಸ್‌ಟಿ ಆ್ಯಂಡ್ ಕಂಪನಿಯಂಥ ತಂಡಗಳು ತಗಾಲೋಗು ಮತ್ತು ಇಂಗ್ಲಿಷನ್ನು ಬೆರೆಸಿ ಹಾಡಿದ ಶೈಲಿಗೆ ‘ಮನಿಲಾ ಸೌಂಡ್’ ಎಂಬ ಹೆಸರು ಬಂತು. 1978ರಲ್ಲಿ ಫ್ರೆಡ್ಡಿ ಅಗಿಲಾರ್ ಹಾಡಿದ ‘ಅನಾಕ್’ ಹೊರದೇಶಗಳಿಗೂ ಹೋಗಿ ಹಲವು ಭಾಷೆಗಳಿಗೆ ಅನುವಾದವಾಯಿತು. 1987ರಲ್ಲಿ ಅಧ್ಯಕ್ಷೆ ಕೊರಾಸೋನ್ ಅಕಿನೊ ಹೊರಡಿಸಿದ 255ನೇ ಆದೇಶ, ರೇಡಿಯೋ ಕೇಂದ್ರಗಳು ಗಂಟೆಗೆ ಕನಿಷ್ಠ ನಾಲ್ಕು ಸ್ವದೇಶಿ ರಚನೆಗಳನ್ನು ಹಾಕಬೇಕೆಂದಿತು. ಆ ನಾಲ್ಕು ಯಾವ ಭಾಷೆಯಲ್ಲಿದ್ದರೂ ಸರಿ ಎಂದೇ ಅದರಲ್ಲಿತ್ತು, ಬೇರೆ ಬೇರೆ ಭಾಷೆಗಳಿಗೆ ಪಾಲು ಕೊಡಬೇಕೆಂಬ ಷರತ್ತು ಇರಲಿಲ್ಲ. ಧ್ವನಿಮುದ್ರಣದ ದೊಡ್ಡ ಉದ್ಯಮ ರಾಜಧಾನಿಯಲ್ಲೇ ಇದ್ದುದರಿಂದ ಊರೂರಿನ ಭಾಷೆಗಳಿಗೆ ಇಂಥ ಆದೇಶವೊಂದರಿಂದಲೇ ಜಾಗ ಸಿಗುವಂತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಕನಿಷ್ಠ ಮೂರು ಸಂಜೆಗಳನ್ನು ಸೆಬುವಾನೋಗೆ ಮೀಸಲಿಡಿ. ಮೊದಲ ಸಂಜೆ ಪಿಲಿತಾ ಕೊರಾಲೆಸ್ ಅವರದಾಗಲಿ. ಸೆಬುವಿನಲ್ಲಿ ಹುಟ್ಟಿ, ಇಂಗ್ಲಿಷ್, ಸ್ಪ್ಯಾನಿಷ್, ತಗಾಲೋಗುಗಳಲ್ಲೂ ಹಾಡಿ, 2025ರ ಏಪ್ರಿಲಿನಲ್ಲಿ ತೀರಿಕೊಂಡ ಈ ಗಾಯಕಿಯ ದನಿಯಲ್ಲಿ ‘ಮತುದ್ ನಿಲಾ’ ಕೇಳಬೇಕು. ‘ಅವರು ಹೇಳುತ್ತಾರೆ’ ಎಂಬ ಮಾತಿನಿಂದ ಆರಂಭವಾಗುವ ಅದನ್ನು ರಚಿಸಿದವರು ಸೆಬುವಿನ ರೇಡಿಯೋ ಕಲಾವಿದ ಬೆನ್ ಸುಬಿರಿ. ಎರಡನೆಯ ಸಂಜೆಗೆ ಬೊಹೋಲ್ ದ್ವೀಪದ ಯೊಯೊಯ್ ವಿಲ್ಯಾಮೆ, ಅವರ ಜೊತೆಗೆ ಮ್ಯಾಕ್ಸ್ ಸುರ್ಬಾನ್. ಇಬ್ಬರೂ ಜನರನ್ನು ನಗಿಸುವ ಹಾಡುಗಳಿಗೆ ಹೆಸರಾದವರು. ಬಸ್ಸು, ಜೀಪ್ನಿಗಳ ಚಾಲಕರಾಗಿದ್ದ ವಿಲ್ಯಾಮೆ, 1521ರಲ್ಲಿ ಮಕ್ತಾನ್ ದ್ವೀಪದಲ್ಲಿ ಅಲ್ಲಿನ ನಾಯಕ ಲಪುಲಪುವಿನ ಕಡೆಯವರ ಕೈಯಲ್ಲಿ ಮ್ಯಾಗೆಲನ್ ಸತ್ತ ಕಥೆಯನ್ನು ಇಂಗ್ಲಿಷಿನಲ್ಲಿ ಹಾಡಿದ್ದಾರೆ. ಪದಗಳು ಇಂಗ್ಲಿಷಿನವು, ಉಚ್ಚಾರಣೆ ಮಾತ್ರ ಅಪ್ಪಟ ವಿಸಾಯಾಸಿನದು. ಪಟ್ಟಿಯಲ್ಲಿ ಇದನ್ನು ಯಾವ ಭಾಷೆಯ ಕೆಳಗೆ ಬರೆಯಬೇಕೆಂದು ನಮ್ಮಲ್ಲಿ ಅರ್ಧ ಗಂಟೆ ಚರ್ಚೆಯಾಯಿತು, ಕೊನೆಗೆ ‘ಬೊಹೋಲಿನ ಇಂಗ್ಲಿಷ್’ ಎಂಬ ಬೇರೆ ಸಾಲನ್ನೇ ಮಾಡಿದೆವು.

ಮೂರನೆಯ ಸಂಜೆಯನ್ನು ಒಂದು ಜನಪದ ಹಾಡಿನಿಂದ ತೊಡಗಬೇಕು. ಪಿಲೆಮೊನ್ ಎಂಬ ಬಡ ಬೆಸ್ತ ಸಮುದ್ರಕ್ಕೆ ಹೋಗುತ್ತಾನೆ, ಅವನಿಗೆ ಸಿಗುವುದು ‘ತಂಬಸಾಕನ್’ ಎಂಬ ಮೀನು, ಅದನ್ನು ಮುರುಕಲು ಮಾರುಕಟ್ಟೆಯಲ್ಲಿ ಮಾರುತ್ತಾನೆ, ಬಂದ ಚಿಲ್ಲರೆ ಕಾಸು ಕಳ್ಳು ಕುಡಿಯಲಷ್ಟೇ ಸಾಲುತ್ತದೆ. ಇಷ್ಟೇ ಕಥೆ, ಇದನ್ನು ಅಲ್ಲಿನ ಮಕ್ಕಳೂ ಹಾಡುತ್ತಾರೆ. ನಾನು ಅರ್ಥ ಹೇಳುತ್ತಿದ್ದಾಗ ನಮ್ಮ ಗುಂಪಿನ ಮೊಗವೀರರ ಮನೆಯ ಅಕ್ಕ ಒಬ್ಬರು, “ಅದು ಎಂಥ ಮೀನು?” ಎಂದು ಕೇಳಿದರು. ಕೆಸರಿನ ಮೇಲೆ ಜಿಗಿಯುತ್ತ ತೆವಳುವ, ಕಣ್ಣು ತಲೆಯ ಮೇಲೆ ಉಬ್ಬಿರುವ ಮೀನಿನ ಚಿತ್ರವನ್ನು ಫೋನಿನಲ್ಲಿ ತೋರಿಸಿದೆ. “ಅಯ್ಯೋ, ಇದು ನಿವಟಿ ಅಲ್ಲವೋ!” ಎಂದರು. ಹೌದು, ಠಾಣೆ ಖಾರಿಯ ಕಾಂಡ್ಲಾ ಗಿಡಗಳ ಬುಡದಲ್ಲಿ ನೀರಿಳಿದಾಗ ಕಾಣಿಸುವ, ‘ಕೋಳಿ’ ಎಂಬ ಇಲ್ಲಿನ ಬೆಸ್ತ ಸಮುದಾಯದವರು ಹಿಡಿದು ಅಡುಗೆ ಮಾಡುವ ಅದೇ ಜಾತಿಯದು. ಸಮುದ್ರಕ್ಕೆ ಹೋದವನಿಗೆ ದಂಡೆಯ ಕೆಸರಿನ ಮೀನು ಮಾತ್ರ ದಕ್ಕಿತೆಂಬಲ್ಲಿ ಅವನ ಬಡತನವೆಷ್ಟೆಂಬುದು ಆಗ ಎಲ್ಲರಿಗೂ ತಟ್ಟಿತು. ಪದಕೋಶದಲ್ಲಿ ‘ಒಂದು ಬಗೆಯ ಮೀನು’ ಎಂದಿದ್ದರೆ ಅಲ್ಲಿಗೇ ನಿಲ್ಲಬೇಡಿ. ಚಿತ್ರ ಹುಡುಕಿ, ನಮ್ಮಲ್ಲಿ ಅದಕ್ಕಿರುವ ಹೆಸರನ್ನು ಕೇಳಿ ಬರೆದುಕೊಳ್ಳಿ.

ಈ ಹಾಡಿನ ಬೆನ್ನಿಗೇ ‘ಮಿಸ್ಸಿಂಗ್ ಫಿಲೆಮನ್’ ತಂಡವನ್ನು ಹಾಕಿ. 2000ರ ದಶಕದಲ್ಲಿ ಸೆಬುವಿನ ಹುಡುಗರು ರಾಕ್ ಸಂಗೀತವನ್ನು ತಮ್ಮ ಮನೆಮಾತಿನಲ್ಲೇ ಹಾಡುತ್ತೇವೆಂದು ಹೊರಟಾಗ ಅದಕ್ಕೆ ‘ಬಿಸ್‌ರಾಕ್’ ಎಂಬ ಹೆಸರಾಯಿತು. ಈ ತಂಡ ಆ ಬೆಸ್ತನ ಹೆಸರನ್ನೇ ಇಟ್ಟುಕೊಂಡಿತು. ಅದೇ ಕಾಲದ ‘ಜೂನಿಯರ್ ಕಿಲಾತ್’ ರೆಗ್ಗೇ ಧಾಟಿಯಲ್ಲಿ ಸೆಬುವಾನೋ ಹಾಡಿತು. ಮುಂದಿನ ದಶಕದಲ್ಲಿ ‘ವಿಸ್‌ಪಾಪ್’ ಎಂಬ ಗೀತರಚನಾ ಸ್ಪರ್ಧೆಯಿಂದ ಹೊಸ ಪ್ರೇಮಗೀತೆಗಳು ಬಂದವು. ಇವುಗಳಲ್ಲಿ ಪ್ರಿಯರನ್ನು ‘ಲಂಗಾ’ ಎಂದು ಕರೆಯುವುದು ಕಿವಿಗೆ ಬಿದ್ದರೆ, ಅದು ಮೇಲೆ ಹೇಳಿದ ‘ಪಲಂಗಾ’ದ ಮೊಟಕು ರೂಪ.

ಲುಸೋನಿನ ಉಳಿದ ಭಾಷೆಗಳಿಗೆ ಹಳೆಯ ಹಾಡೊಂದನ್ನು ಬಾಗಿಲಾಗಿ ಇಟ್ಟುಕೊಳ್ಳಬಹುದು. ಬಿಕೋಲಿಗೆ ‘ಸಾರೊಙ್ ಬಂಗಿ’, ಅಂದರೆ ‘ಒಂದು ರಾತ್ರಿ’. ಮಯೋನ್ ಜ್ವಾಲಾಮುಖಿಯ ಸೀಮೆಯಾದ ಅಲ್ಬಾಯ್‌ನ ಪೊತೆನ್ಸಿಯಾನೊ ಗ್ರೆಗೊರಿಯೊ ಅವರದು. ಕಪಂಪಾಂಗನ್‌ಗೆ ಕಳೆದುಹೋದ ಉಂಗುರದ ಜನಪದ ಹಾಡು, ಇಲೊಕಾನೋಗೆ ಅಕ್ಕನನ್ನು ಕಿಟಕಿ ತೆರೆಯೆಂದು ಕರೆಯುವ ‘ಮನಾಙ್ ಬಿದಾಯ್’. ಉತ್ತರದ ಬೆಟ್ಟಸೀಮೆಯಾದ ಬಾಗಿಯೊದಲ್ಲಿ ಅಮೆರಿಕನ್ನರ ಸೇನಾ ವಿಶ್ರಾಂತಿಧಾಮವಿತ್ತು. ಅಲ್ಲಿನ ಜನ ಅಮೆರಿಕದ ಕಂಟ್ರಿ ಸಂಗೀತವನ್ನು ಒಲಿಸಿಕೊಂಡು ಇಲೊಕಾನೋ, ಕಂಕಾನಾಯ್ ಮಾತುಗಳಲ್ಲಿ ಹಾಡುತ್ತಾರೆ. ಆದರೆ ಇತ್ತೀಚೆಗೆ ‘ಮುಲ್ತೊ’ ಹಾಡಿನಿಂದ ದೊಡ್ಡ ಹೆಸರು ಮಾಡಿದ ಕಪ್ ಆಫ್ ಜೋ ತಂಡವೂ ಬಾಗಿಯೊದ್ದೇ, ಅದರ ಹಾಡು ತಗಾಲೋಗಿನದು. ಗಾಯಕರ ಊರನ್ನು ನೋಡಿ ಹಾಡಿನ ಭಾಷೆಯನ್ನು ಊಹಿಸಬೇಡಿ. ಪಟ್ಟಿಯಲ್ಲಿ ಊರಿಗೊಂದು, ಭಾಷೆಗೊಂದು ಎಂದು ಎರಡು ಬೇರೆ ಅಂಕಣಗಳಿರಲಿ.

ಮಿಂದನಾವೊಗೆ ಬಂದಾಗ ಈ ಎರಡು ಅಂಕಣ ಇನ್ನೂ ಬೇಕಾಗುತ್ತದೆ. ದಾವಾವೊದಲ್ಲಿ ನೆಲೆ ಕಂಡ ಜೋಯ್ ಅಯಾಲಾ ಮತ್ತು ಅವರ ‘ಬಾಗೊಙ್ ಲುಮಾದ್’ ತಂಡ ಹೆಚ್ಚಾಗಿ ಹಾಡಿದ್ದು ರಾಷ್ಟ್ರಭಾಷೆಯಲ್ಲಿ, ನುಡಿಸಿದ್ದು ಮಾತ್ರ ಅಲ್ಲಿನ ಮೂಲನಿವಾಸಿಗಳ ವಾದ್ಯಗಳನ್ನು. ಎರಡು ತಂತಿಯ ‘ಹೆಗಾಲೊಙ್’ ಮತ್ತು ಬಿದಿರಿನ ‘ಕುಬಿಙ್’ ಅವುಗಳಲ್ಲಿ ಮುಖ್ಯ. ಕುಬಿಙ್ ನಮ್ಮ ಮೋರ್ಸಿಂಗಿನ ಹಾಗೆಯೇ ಬಾಯಿಗಿಟ್ಟು ಮೀಟುವಂಥದು, ಕರ್ನಾಟಕ ಸಂಗೀತ ಕೇಳಿದವರಿಗೆ ತಕ್ಷಣ ಹತ್ತುತ್ತದೆ. ದಾವಾವೊದ ಬೀದಿಗಳಿಂದಲೇ ‘ಬುದೊತ್ಸ್’ ಎಂಬ ಕುಣಿತದ ಸಂಗೀತ ಬಂತು, ಡಿಜೆ ಲವ್ ಅದರ ಮುಖ್ಯ ಹೆಸರು. ಅಲ್ಲಿ ಮಾತು ಕಡಿಮೆ, ತಾಳ ಹೆಚ್ಚು. ಪಶ್ಚಿಮದ ಸಂಬೊಆಂಗಾದಲ್ಲಿ ಸ್ಪ್ಯಾನಿಷ್ ಪದಗಳಿಗೆ ಸ್ಥಳೀಯ ವ್ಯಾಕರಣ ಬೆರೆತು ಹುಟ್ಟಿದ ‘ಚವಕಾನೊ’ ಎಂಬ ಮಾತಿದೆ. ಅಲ್ಲಿನ ‘ಮಲ್ದಿತಾ’ ತಂಡದ ‘ಪೊರ್ಕೆ’ 2000ರ ದಶಕದಲ್ಲಿ ಆ ಭಾಷೆ ಬಾರದವರ ಬಾಯಲ್ಲೂ ಇತ್ತು. ಮುಂಬಯಿ, ಗೋವಾದವರಿಗೆ ಇಂಥ ಬೆರಕೆ ಮಾತು ಹೊಸದಲ್ಲ. ರೇವದಂಡಾ ಬಳಿಯ ಕೊರ್ಲಾಯಿ ಹಳ್ಳಿಯಲ್ಲಿ ಪೋರ್ಚುಗೀಸ್ ಮೂಲದ ಕ್ರಿಯೋಲ್ ಇಂದಿಗೂ ಮನೆಮಾತಾಗಿದೆ.

ಹಾಡಿನ ಆ್ಯಪುಗಳು ಅಂಟಿಸುವ ಭಾಷೆಯ ಹೆಸರನ್ನು ನಂಬಬೇಡಿ. ಸೆಬುವಾನೋ, ಇಲೊಕಾನೋ ಹಾಡುಗಳ ಮೇಲೆ ‘ತಗಾಲೋಗ್’ ಎಂದಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಸಂಶಯವಿದ್ದರೆ ಮನುಷ್ಯರನ್ನೇ ಕೇಳಿ. ಮುಂಬಯಿಯಲ್ಲಿ ಹಡಗಿನ ಕೆಲಸದವರ ಮನೆಗಳು ಬೇಕಾದಷ್ಟಿವೆ, ಅವರಲ್ಲಿ ಒಬ್ಬರಿಗಾದರೂ ಫಿಲಿಪೀನ್ಸಿನ ಗೆಳೆಯರಿರುತ್ತಾರೆ. ಅವರನ್ನು ‘ತಗಾ-ಸಾಆನ್ ಕಾ?’ ಎಂದರೆ ‘ಯಾವ ಊರು?’ ಎಂದು ತಗಾಲೋಗಿನಲ್ಲಿ ಕೇಳಿದಂತೆ. ಸೆಬುವಿನವರೆಂದು ಗೊತ್ತಿದ್ದರೆ ‘ತಗಾ-ಆಸಾ ಕಾ?’ ಎನ್ನಿ. ಆ ಒಂದು ಪದದ ಬದಲಾವಣೆಗೆ ಎದುರಿನವರ ದನಿ ಹೇಗೆ ಮೆತ್ತಗಾಗುತ್ತದೆಂಬುದನ್ನು ನಾನು ಫೋನಿನಲ್ಲೇ ಕೇಳಿ ಬಲ್ಲೆ. ನನ್ನ ಹಳೆಯ ಫಿಟ್ಟರು ಹಾಗೆ ಕೇಳಿಸಿಕೊಂಡ ದಿನ ಒಂದೇ ಉಸಿರಿಗೆ ಹನ್ನೊಂದು ಹಾಡುಗಳ ಹೆಸರು ಬರೆಸಿದರು.

ಇಷ್ಟಾದ ಮೇಲೆ ಕಿವಿಯನ್ನು ಪರೀಕ್ಷಿಸಲು ಅಲಾಮತ್ ಎಂಬ ಯುವಕರ ತಂಡವಿದೆ. 2021ರ ಫೆಬ್ರುವರಿಯಲ್ಲಿ ಬಂದ ಅವರ ಮೊದಲ ಹಾಡು ‘ಕೆಬೈ’ಯಲ್ಲಿ ತಗಾಲೋಗ್, ಇಲೊಕಾನೋ, ಕಪಂಪಾಂಗನ್, ಬಿಕೋಲ್, ಸೆಬುವಾನೋ, ಹಿಲಿಗಾಯ್ನೋನ್, ವಾರಾಯ್ ಎಂಬ ಏಳು ಭಾಷೆಗಳಿವೆ. ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟು, ಭಾಷೆ ಬದಲಾಯಿತೆನಿಸಿದ ಕಡೆ ಗೆರೆ ಎಳೆದು ಹೆಸರು ಬರೆಯಲು ಹೇಳಿ, ಮೂರು ಸಲ ಹಾಕಿ, ಆಮೇಲೆ ಸಾಹಿತ್ಯ ತೆರೆದು ಹೋಲಿಸಿ. ನಮ್ಮ ಗುಂಪಿನಲ್ಲಿ ಹೆಚ್ಚೆಂದರೆ ನಾಲ್ಕು ಸರಿಯಾದವು. ಹಿಲಿಗಾಯ್ನೋನ್ ಮತ್ತು ವಾರಾಯ್ ಎರಡನ್ನೂ ಎಲ್ಲರೂ ಸೆಬುವಾನೋ ಎಂದೇ ಬರೆದಿದ್ದರು, ಬಿಕೋಲನ್ನು ಒಬ್ಬರು ಮಾತ್ರ ಹಿಡಿದರು. ಆದ್ದರಿಂದ ಮುಂದಿನ ಎರಡು ಭಾನುವಾರಗಳಿಗೆ ‘ದಂದಾನ್ಸೊಯ್’ ಎಂಬ ವಿದಾಯದ ಹಾಡನ್ನೂ, ‘ಇಲಿ-ಇಲಿ’ ಎಂದು ತೊಡಗುವ ಹಿಲಿಗಾಯ್ನೋನ್ ಜೋಗುಳವನ್ನೂ ತೆಗೆದಿಟ್ಟಿದ್ದೇವೆ. ವಾರಾಯ್ ಹಾಡುಗಳ ಪಟ್ಟಿಯನ್ನು ಲೆಯ್ತೆ ದ್ವೀಪದ ಬೋಸನ್ (ಡೆಕ್ಕಿನ ಕೆಲಸಗಾರರ ಮೇಸ್ತ್ರಿ) ಒಬ್ಬರು ಕಳಿಸುವೆನೆಂದಿದ್ದಾರೆ.